ಜೊತೆಗೊಂದು ಮಾತ್ರೆ

ಆ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಎಲ್ಲರೂ ಕೈ ಚಾಚಬೇಕು. ಅದು ಮನೆಯ ಯಜಮಾನಿ ಮಾಡಿದ ಕಾನೂನು. ಮೊಮ್ಮಗಳು ಆಕೆಯನ್ನು ಅಜ್ಜಿ ಅನ್ನುತ್ತಿದ್ದಳು, ಅದನ್ನು ಕೇಳಿ ಕೇಳಿ ಬೀದಿಯವರೂ ಅಜ್ಜಿ ಅನ್ನತೊಡಗಿದ್ದರು. ಅಜ್ಜಿ ಸ್ಟೀಲಿನ ಡಬ್ಬಿ ಹಿಡಿದು ಮೇಜಿನ ಸುತ್ತ ಬರುತ್ತಿದ್ದಳು. ಮಗನಿಗೆ ಒಂದು ವಿಟಮಿನ್ ಮಾತ್ರೆ. ಸೊಸೆಗೆ ಒಂದು ಪೆಪ್ಪರ್‌ಮಿಂಟು. ಮೊಮ್ಮಗಳಿಗೆ ಒಣದ್ರಾಕ್ಷಿ. ಗಂಡನ ಅಂಗೈಗೆ ಅವನ ಮಾತ್ರೆ, ಅದು ಒಂಟಿಯಾಗಿರಬಾರದೆಂದು ಈಚಿನ ಕೆಲವು ತಿಂಗಳಿಂದ ಪಕ್ಕದಲ್ಲಿ ತನ್ನ ಮಂಡಿನೋವಿನ ಮಾತ್ರೆಗಳಲ್ಲಿ ಒಂದು. "ಹೂಂ, ನುಂಗಿ" ಅಂದ ಮೇಲೆ ಎಲ್ಲರೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿಯಬೇಕು. ಅಲ್ಲಿಯವರೆಗೆ ಅನ್ನದ ಪಾತ್ರೆಯ ಮುಚ್ಚಳ ತೆಗೆಯುವ ಹಾಗಿರಲಿಲ್ಲ.

ನಿಜವಾಗಿ ಮಾತ್ರೆಯ ಅಗತ್ಯವಿದ್ದದ್ದು ಗಂಡನಿಗೆ. ಅವನು ಕುಶನ್ ಅಂಗಡಿಯ ಮೇಸ್ತ್ರಿ. ಸೋಫಾ, ಕುರ್ಚಿ, ಗಾಡಿಯ ಸೀಟು, ಕೂರುವಂಥದ್ದು ಯಾವುದೇ ಇರಲಿ, ಹರಿದಿದ್ದರೆ ಅವನ ಹತ್ತಿರ ಬರಬೇಕು. ಅವನ ರಕ್ತದಲ್ಲಿ ಎಚ್‌ಐವಿ ಇದೆ ಅಂತ ಗೊತ್ತಾದಾಗ ಮಗ ಶಾಲೆಗೆ ಹೋಗುತ್ತಿದ್ದ. ಈಗ ಆ ಮಗನ ಮಗಳೇ ಶಾಲೆಗೆ ಹೋಗುತ್ತಾಳೆ. ಕಾಯಿಲೆ ಎಲ್ಲಿಂದ ಬಂತು ಅನ್ನುವುದನ್ನು ಗಂಡ ಹೆಂಡತಿ ಒಂದು ಸಲ ಮಾತಾಡಿ, ಜಗಳವಾಡಿ, ಅತ್ತು, ಆ ಬಾಗಿಲು ಹಾಕಿಬಿಟ್ಟಿದ್ದಾರೆ. ಅಜ್ಜಿಯ ರಕ್ತದಲ್ಲಿ ಅದು ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಾವು ಹೋಗಿ ಆ ಬಾಗಿಲು ತಟ್ಟುವುದು ಬೇಡ.

ಆದರೆ ಇನ್ನೊಂದು ವಿಷಯ ಹೇಳಲೇಬೇಕು. ಮೊದಮೊದಲು ಮೇಸ್ತ್ರಿ ಮಾತ್ರೆ ನುಂಗುತ್ತಿರಲಿಲ್ಲ. ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ, ತಾನು ಕೂರುವ ಕುರ್ಚಿಯ ಹೊಲಿಗೆ ಸಂದಿಗೆ ತುರುಕಿಬಿಡುತ್ತಿದ್ದ. ಬರಬರುತ್ತಾ ಮೂಳೆ ಚಕ್ಕಳವಾದ, ಟಿಬಿ ಕೆಮ್ಮು ಅಂಟಿಕೊಂಡಿತು. ಮಗ ಅವನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಯ ಮೆಟ್ಟಿಲು ಹತ್ತಿದ. ಅಪ್ಪ ಅಲ್ಲಿ ಮಲಗಿದ್ದಾಗ, ಬಂದ ಮೇಲೆ ಮೆತ್ತಗೆ ಕೂರಲಿ ಅಂತ ಹುಡುಗ ಆ ಕುರ್ಚಿಗೆ ಹೊಸ ಸ್ಪಂಜು ಹಾಕಲು ಹೊಲಿಗೆ ಬಿಚ್ಚಿದ. ಮಾತ್ರೆಗಳು ಮಡಿಲ ತುಂಬ ಸುರಿದವು. ಆ ವರ್ಷವೇ ಅವನು ಶಾಲೆ ಬಿಟ್ಟು ಅಂಗಡಿಯಲ್ಲಿ ಕೂತ.

"ಯಾಕ್ರೀ ಹೀಗೆ ಮಾಡಿದ್ರಿ?" ಅಂತ ಅಜ್ಜಿ ಕೇಳಿದ್ದಕ್ಕೆ ಮೇಸ್ತ್ರಿ ಹೇಳಿದ್ದು ಇಷ್ಟೇ: "ನೀವೆಲ್ಲ ಊಟ ಮಾಡ್ತೀರ, ನಾನೊಬ್ಬ ಮಾತ್ರೆ ನುಂಗ್ತೀನಿ. ಎಲ್ಲರೂ ನನ್ನ ಬಾಯಿ ನೋಡ್ತಾ ಕೂತಿರ್ತೀರ. ಬೇಜಾರಾಗುತ್ತೆ ಕಣೆ."

ಅಜ್ಜಿ ಬೈಯಲಿಲ್ಲ. ಮಾರನೆಯ ದಿನ ತಾನೂ ಒಂದು ಪೆಪ್ಪರ್‌ಮಿಂಟು ಅಂಗೈಯಲ್ಲಿಟ್ಟುಕೊಂಡು ಗಂಡನ ಎದುರು ಕೂತಳು. ಹಾಗೆ ಹುಟ್ಟಿದ ಕಾನೂನು ಅದು. ಮೇಸ್ತ್ರಿ ಮತ್ತೆ ಮೈ ತುಂಬಿಕೊಂಡ, ಬೀಡಿ ಬಿಟ್ಟ, ಮಗನ ಮದುವೆ ಮಾಡಿದ. ಮದುವೆಗೆ ಮುಂಚೆಯೇ ಹುಡುಗಿಗೆ ಎಲ್ಲ ಹೇಳಿದ್ದರು. "ಮಾತ್ರೆ ಸರಿಯಾಗಿ ತಗೋತಾರೆ ತಾನೆ?" ಅಂತ ಕೇಳಿ ಅವಳು ಒಪ್ಪಿದ್ದಳು. ಪ್ರತಿ ಸಲದ ರಿಪೋರ್ಟಿನಲ್ಲೂ ವೈರಸ್ ಕಾಣಿಸುವುದಿಲ್ಲ ಅಂತಲೇ ಬರುತ್ತಿತ್ತು. "ಹೀಗೇ ನುಂಗ್ತಾ ಇದ್ರೆ ನೀವು ಸಾಯೋದು ಮುಪ್ಪಿನಿಂದ" ಅಂತ ಡಾಕ್ಟ್ರಮ್ಮ ಅಂದದ್ದನ್ನು ಮೇಸ್ತ್ರಿ ಬಹುಮಾನ ಬಂದವನ ಹಾಗೆ ಮನೆಯಲ್ಲಿ ಹೇಳಿಕೊಂಡು ತಿರುಗಿದ್ದ.

ಈ ಸಲದ ರಿಪೋರ್ಟಿನಲ್ಲಿ ಅದು ಕಾಣಿಸಿತು.

"ಮಾತ್ರೆ ತಪ್ಪಿಸಿದ್ರಾ?" ಡಾಕ್ಟ್ರಮ್ಮ ಕೇಳಿದಳು.

"ಒಂದು ದಿನಾನೂ ಇಲ್ಲ."

"ಬೇರೆ ಏನಾದ್ರೂ ಔಷಧಿ ತಗೋತೀರಾ?"

"ಇದೊಂದೇ ಡಾಕ್ಟ್ರೇ."

"ನಾನು ಬೈಯೋಕೆ ಕೇಳ್ತಿಲ್ಲ. ಮಾತ್ರೆ ಒಳಗೆ ಹೋಗ್ತಿದ್ರೆ ಇದು ಏರಬಾರದು. ಕೆಲವು ವಾರ ಬಿಟ್ಟು ಮತ್ತೆ ರಕ್ತ ನೋಡೋಣ. ಆಗ್ಲೂ ಹೀಗೇ ಇದ್ರೆ ಯೋಚನೆ ಮಾಡ್ಬೇಕಾಗುತ್ತೆ. ವೈರಸ್ಸು ಒಂದು ಸಲ ಈ ಮಾತ್ರೆಗೆ ಬಗ್ಗದೆ ಹೋದ್ರೆ ಕಷ್ಟ."

ಪಕ್ಕದಲ್ಲಿ ಕೂತಿದ್ದ ಮಗ ಗೋಡೆ ನೋಡುತ್ತಿದ್ದ. ಮನೆಗೆ ಬಂದವನೇ ಚಪ್ಪಲಿ ಕೂಡ ಬಿಡದೆ ಕತ್ತರಿ, ಇಕ್ಕಳ ತಂದು, ಅಪ್ಪನ ಕುರ್ಚಿಯನ್ನು ಬೋರಲು ಹಾಕಿ ಹೊಲಿಗೆ ಬಿಚ್ಚತೊಡಗಿದ.

"ಏನೋ ಅದು? ಚೆನ್ನಾಗಿರೋ ಕುರ್ಚಿ ಯಾಕೋ ಕೊಯ್ತೀಯ?" ಅಜ್ಜಿ ಅಡುಗೆಮನೆಯಿಂದ ಓಡಿ ಬಂದಳು.

"ಅಪ್ಪನ್ನ ಕೇಳು."

"ನನ್ನ ಏನ್ ಕೇಳೋದು? ಹುಡುಕ್ಕೋ," ಅಂದ ಮೇಸ್ತ್ರಿ. "ಮೊಳೆ ಮಾತ್ರ ನೆಟ್ಟಗೆ ಕೀಳು. ಸೊಟ್ಟ ಆದ್ರೆ ಮತ್ತೆ ಉಪಯೋಗಕ್ಕೆ ಬರಲ್ಲ."

ರೆಕ್ಸಿನ್ ಸುಲಿದು, ಸ್ಪಂಜು ಹರಿದು, ಸ್ಪ್ರಿಂಗಿನ ಬುಡದವರೆಗೆ ಹುಡುಕಿದ. ಒಂದು ಬಾಚಣಿಗೆ ಸಿಕ್ಕಿತು. ಒಂದೆರಡು ಗುಂಡಿ, ಮೊಮ್ಮಗಳ ರಬ್ಬರು, ಆಮೇಲೆ ಅಜ್ಜಿಯ ಓಲೆಯ ತಿರುಪು.

"ಅಯ್ಯೋ, ನನ್ನ ತಿರುಪು!" ಅಜ್ಜಿ ಬಾಚಿಕೊಂಡಳು. "ಇದು ಕಳೆದಾಗ ನನ್ನ ನಾದಿನಿ ಮೇಲೆ ಅನುಮಾನಪಟ್ಟು ಮಾತು ಬಿಟ್ಟಿದ್ದೆನಲ್ಲೋ!"

ಮಾತ್ರೆ ಮಾತ್ರ ಒಂದೂ ಇರಲಿಲ್ಲ.

"ಸಮಾಧಾನ ಆಯ್ತಾ?" ಮೇಸ್ತ್ರಿ ಕೇಳಿದ.

"ಅಂಗಡಿ ತುಂಬ ಸೀಟುಗಳಿವೆ," ಅಂದ ಮಗ.

ಅಂದದ್ದನ್ನು ಮಾಡಿಯೂ ಬಿಟ್ಟ. ಮಾರನೆಯ ದಿನ ಅಂಗಡಿಯಲ್ಲಿ ಉದ್ದ ಸೂಜಿ ಹಿಡಿದು ಒಂದೊಂದೇ ಸೀಟು ಚುಚ್ಚಿ ನೋಡಿದ. ರಿಪೇರಿಗೆ ಕೊಟ್ಟಿದ್ದ ಸೋಫಾ ಒಯ್ಯಲು ಬಂದ ಕ್ಷೌರದಂಗಡಿಯವನು ಬಾಗಿಲಲ್ಲೇ ನಿಂತುಬಿಟ್ಟ. "ಯಾಕಪ್ಪಾ, ನನ್ನ ಸೋಫಾಕ್ಕೆ ಜ್ವರಾನಾ? ಇಂಜೆಕ್ಷನ್ ಕೊಡ್ತಿದೀಯ!" ಮೇಸ್ತ್ರಿಗೆ ನಗು ಬಂತು. ಮಗನ ಮುಖ ನೋಡಿ ನುಂಗಿಕೊಂಡ.

ಮನೆಯಲ್ಲಿ ಒಬ್ಬೊಬ್ಬರದೂ ಒಂದೊಂದು ತೀರ್ಪು. ಚಪ್ಪಲಿ ಅಂಗಡಿಯಲ್ಲಿ ಬಿಲ್ಲು ಹಾಕುವ ಸೊಸೆಗೆ ತಪ್ಪೆಲ್ಲ ಊಟದ್ದು ಅನ್ನಿಸಿತ್ತು. "ಮಾವಾ, ವಯಸ್ಸಾಯ್ತಲ್ಲ, ಮೈಗೆ ಕಸುವು ಬೇಕು. ನಾಳೆಯಿಂದ ಬೆಳಿಗ್ಗೆ ಮೊಟ್ಟೆ, ಸಂಜೆ ಮೊಟ್ಟೆ."

"ಹೀಗೇ ತಿನ್ನಿಸ್ತಾ ಇರು, ಒಂದಿನ ಎದ್ದು ಕೊಕ್ಕೋ ಅಂತೀನಿ," ಅಂದ ಮೇಸ್ತ್ರಿ.

ಮೊಟ್ಟೆ ಹೆಚ್ಚಾಗಿ ತೇಗು ಶುರುವಾಯಿತು. ತೇಗಿಗೆ ಅಜ್ಜಿ ಗ್ಯಾಸಿನ ಬಿಳಿ ಔಷಧಿ ತಂದಳು. ಊಟಕ್ಕೆ ಮುಂಚೆ, ಕೈ ಚಾಚುವ ಹೊತ್ತಿಗೇ, ಎರಡು ಚಮಚ. ಗಂಡನ ಮೈ ಸೋತಿದೆ ಅನ್ನುವ ಚಿಂತೆಗೆ ತನ್ನ ಮಂಡಿನೋವಿನ ಮಾತ್ರೆಯನ್ನೂ ಒಂದರ ಬದಲು ಎರಡು ಹಾಕತೊಡಗಿದಳು. ಮೇಸ್ತ್ರಿ ಕೊಟ್ಟದ್ದನ್ನೆಲ್ಲ ನುಂಗಿದ. ಮಗ ಎದ್ದು ಬಂದು ಎದುರು ನಿಲ್ಲುತ್ತಿದ್ದ.

"ಬಾಯಿ ತೆಗೀರಿ ಅಪ್ಪಾ. ನಾಲಿಗೆ ಎತ್ತಿ."

ಮೇಸ್ತ್ರಿ ನಾಲಿಗೆ ಎತ್ತುತ್ತಿದ್ದ. ಎಲ್ಲಿ ಕೂತರೂ ಕುಣಿಯುವ ಮೊಮ್ಮಗಳಿಗೆ ಅವನೇ ಸ್ಪ್ರಿಂಗು ಅಂತ ಹೆಸರಿಟ್ಟಿದ್ದ. ಅವಳು ಟಾರ್ಚು ಹಿಡಿದು ಬಗ್ಗಿ ನೋಡಿ, "ಮಾತ್ರೆ ಇಲ್ಲ, ಹಲ್ಲೂ ಇಲ್ಲ" ಅಂತ ಸಾರುತ್ತಿದ್ದಳು. ಎಲ್ಲರೂ ನಕ್ಕರೂ ಮೇಸ್ತ್ರಿಗೆ ಒಳಗೆ ಉರಿಯುತ್ತಿತ್ತು. ಹೊಟ್ಟೆಯದಲ್ಲ ಆ ಉರಿ.

ಎರಡನೆಯ ಸಲ ರಕ್ತ ಕೊಟ್ಟು ರಿಪೋರ್ಟು ಬಂತು. ಮೊದಲಿಗಿಂತ ಹೆಚ್ಚು ಏರಿತ್ತು. ಆವತ್ತು ಅನ್ನದ ಪಾತ್ರೆ ಮೇಜಿನ ಮೇಲೆ ಬರುವ ಮುಂಚೆಯೇ ಜಗಳ ಹತ್ತಿಕೊಂಡಿತು.

"ಇನ್ನೂ ಸುಳ್ಳು ಹೇಳ್ತೀರಾ?" ಮಗ ಕೂಗಿದ. "ನಾನು ಚಿಕ್ಕವನಿದ್ದಾಗ ಹೊತ್ಕೊಂಡು ಓಡಾಡಿದೀನಿ. ನಿಮ್ಮ ಪಕ್ಕೆಲುಬು ನನ್ನ ಬೆನ್ನಿಗೆ ಚುಚ್ಚೋದು. ಇನ್ನೊಂದು ಸಲ ನನ್ನ ಕೈಲಾಗಲ್ಲ ಅಪ್ಪಾ. ಹೆದರಿಕೆ ಆಗುತ್ತೆ ನನಗೆ!"

"ನಿನ್ನ ಕಣ್ಣೆದುರಿಗೇ ನುಂಗ್ತಿದೀನಲ್ಲೋ!"

"ಆಗ್ಲೂ ಕಣ್ಣೆದುರಿಗೇ ನುಂಗ್ತಿದ್ರಿ!"

ಮೇಸ್ತ್ರಿ ಎದ್ದು ನಿಂತ. ಅಂಗೈಯಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿದ. "ನುಂಗಿದ್ರೂ ಕಳ್ಳ, ನುಂಗದಿದ್ರೂ ಕಳ್ಳ. ಹಾಗಿದ್ಮೇಲೆ ನುಂಗೋದ್ಯಾಕೆ? ಮನೇಲಿ ನನ್ನ ಮಾತು ನಂಬೋವರೆಗೆ ಈ ಮಾತ್ರೆ ನನಗೆ ಬೇಡ."

ಊಟ ಬಿಟ್ಟು ಹೋಗಿ ಮಲಗಿದ. ಅಜ್ಜಿ ಮಾತ್ರೆ ಹಿಡಿದು ಹಿಂದೆಯೇ ಹೋದಳು, ಅವನು ಗೋಡೆ ಕಡೆ ತಿರುಗಿದ. ಕೈ ಚಾಚುವ ಕಾನೂನು ಹುಟ್ಟಿದ ಮೇಲೆ ಮೊದಲ ಸಲ ಆ ಮನೆಯಲ್ಲಿ ಮಾತ್ರೆ ತಪ್ಪಿತು. ಅಜ್ಜಿ ಹೊರಗೆ ಬಂದು ಮಗನಿಗೆ ಹೇಳಿದಳು, "ನಾಳೆ ನಾನೇ ಡಾಕ್ಟ್ರಮ್ಮನ ಹತ್ರ ಬರ್ತೀನಿ. ಈ ಮನುಷ್ಯ ನುಂಗಿದ್ದಕ್ಕೆ ಸಾಕ್ಷಿ ನಾನಿದೀನಿ. ಯಾರು ನಂಬಲ್ವೋ ನೋಡ್ತೀನಿ."

ಬೆಳಿಗ್ಗೆ ಅಜ್ಜಿ ಒಳ್ಳೆಯ ಸೀರೆ ಉಟ್ಟು, ಸಿಕ್ಕ ತಿರುಪಿನ ಓಲೆ ಹಾಕಿಕೊಂಡು, ಮುಂದೆ ಮುಂದೆ ನಡೆದಳು. ಅಪ್ಪ ಮಗ ಒಬ್ಬರನ್ನೊಬ್ಬರು ನೋಡದೆ ಹಿಂದೆ ಹೋದರು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅಜ್ಜಿಯ ಮಂಡಿ ಹಿಡಿಯಿತು. ಮಗ ಕೈ ಕೊಡಲು ಬಂದರೆ, "ಅಪ್ಪನ್ನ ನಂಬದವನ ಕೈ ನನಗೆ ಬೇಡ" ಅಂದು ಕಂಬಿ ಹಿಡಿದೇ ಹತ್ತಿದಳು.

"ಡಾಕ್ಟ್ರಮ್ಮಾ," ಕೂರುವ ಮುಂಚೆಯೇ ಶುರು ಮಾಡಿದಳು, "ನಮ್ಮ ಯಜಮಾನರು ಹಿಂದೆ ಬಚ್ಚಿಟ್ಟಿದ್ದು ನಿಜ. ಆಗ ನಾನು ನೋಡ್ಕೊಳ್ಲಿಲ್ಲ. ಈಗ ಹಾಗಲ್ಲ. ದಿನಾ ನನ್ನ ಕೈಯಾರೆ ಕೊಟ್ಟು, ಎದುರಿಗೆ ನಿಂತು ನುಂಗಿಸ್ತೀನಿ. ಅವರದ್ದೂ ನನ್ನದೂ ಒಟ್ಟಿಗೆ."

ಡಾಕ್ಟ್ರಮ್ಮ ಬರೆಯುತ್ತಿದ್ದವಳು ತಲೆ ಎತ್ತಿದಳು. "ನಿಮ್ಮದು ಅಂದ್ರೆ?"

"ಕೆಲವು ತಿಂಗಳ ಹಿಂದೆ ಮಂಡಿನೋವಿಗೆ ಕೊಟ್ಟಿದ್ದು. ಕ್ಯಾಲ್ಸಿಯಂ. ಆವಾಗ್ಲಿಂದ ಅವರಿಗೂ ಒಂದು ಹಾಕ್ತಿದ್ದೆ, ಈಚೆಗೆ ಎರಡು. ಮೂಳೆ ಗಟ್ಟಿಯಾಗ್ಲಿ ಅಂತ. ಮೇಲೆ ಗ್ಯಾಸಿನ ಬಿಳಿ ಔಷಧಿ ಎರಡು ಚಮಚ." ತನ್ನ ಆರೈಕೆ ಡಾಕ್ಟ್ರಮ್ಮನಿಗೆ ಪೂರ್ತಿ ಗೊತ್ತಾಗಲಿ ಅಂತ ಅಜ್ಜಿ ಬೆರಳು ಮಡಚಿ ಹೇಳುತ್ತಿದ್ದಳು.

"ಊಟ ಆದ ಮೇಲಾ?"

"ಅಯ್ಯೋ, ಮುಂಚೇನೇ. ಖಾಲಿ ಹೊಟ್ಟೆಗೆ ಹೋದ್ರೆ ಚೆನ್ನಾಗಿ ಹಿಡಿಯುತ್ತಲ್ವಾ?"

ಡಾಕ್ಟ್ರಮ್ಮ ಮೇಸ್ತ್ರಿಯ ಕಡೆ ತಿರುಗಿದಳು. "ಬೇರೆ ಔಷಧಿ ಇದ್ಯಾ ಅಂತ ಕೇಳಿದ್ನಲ್ಲ?"

"ಅದು ನನ್ನ ಔಷಧಿ ಅಲ್ಲ ಡಾಕ್ಟ್ರೇ, ಅವಳದ್ದು," ಅಂದ ಮೇಸ್ತ್ರಿ. "ಅದು ಸುಮ್ನೆ, ಜೊತೆಗೆ ಅಂತ."

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟಳು. "ನಾನೂ ಬಿಡಿಸಿ ಕೇಳ್ಬೇಕಿತ್ತು. ನೋಡಿ, ಈ ಕ್ಯಾಲ್ಸಿಯಂ, ಆ ಗ್ಯಾಸಿನ ಔಷಧಿ, ಎರಡೂ ಇವರ ಮಾತ್ರೇನ ಹೊಟ್ಟೇಲೇ ಹಿಡ್ಕೊಂಡುಬಿಡ್ತವೆ. ರಕ್ತಕ್ಕೆ ಸರಿಯಾಗಿ ಸೇರೋಕೆ ಬಿಡಲ್ಲ. ಇವರು ತಪ್ಪಿಸಿಲ್ಲ. ದಿನಾ ನುಂಗಿದಾರೆ, ಆದ್ರೆ ನುಂಗಿದ್ದು ಪೂರ್ತಿ ಕೆಲಸಕ್ಕೆ ಬಂದಿಲ್ಲ."

ಮಗ ಅಪ್ಪನ ಮುಖ ನೋಡಿದ. ಎಷ್ಟೋ ವಾರಗಳಿಂದ ಬಾಯಿ ನೋಡಿದ್ದನೇ ಹೊರತು ಮುಖ ನೋಡಿರಲಿಲ್ಲ. ಅಪ್ಪ ಅಮ್ಮನನ್ನು ನೋಡುತ್ತಿದ್ದ. ಗೆದ್ದ ಸಂತೋಷ ಅವನಿಗೆ ಇರಲಿಲ್ಲ, ಯಾಕೆಂದರೆ ಅಜ್ಜಿಯ ಮಡಚಿದ ಬೆರಳುಗಳು ಹಾಗೇ ನಿಂತುಹೋಗಿದ್ದವು.

"ಈಗ ಸರಿಹೋಗುತ್ತಾ?" ಮಗನೇ ಕೇಳಿದ.

"ಹೆಚ್ಚಿನಂಶ ಸರಿಹೋಗುತ್ತೆ. ಇವರ ಮಾತ್ರೆ ಬೆಳಿಗ್ಗೆ ಎದ್ದ ತಕ್ಷಣ, ಬರೀ ನೀರಿನ ಜೊತೆ. ಅಮ್ಮನ ಕ್ಯಾಲ್ಸಿಯಂ ಅಮ್ಮನಿಗೇ, ರಾತ್ರಿ ಊಟದ ಜೊತೆ. ಗ್ಯಾಸಿನದು ನನ್ನ ಕೇಳದೆ ಬೇಡ. ಮೂರು ತಿಂಗಳು ಬಿಟ್ಟು ನೋಡೋಣ."

ಹೊರಗೆ ಬೆಂಚಿನ ಮೇಲೆ ಅಜ್ಜಿ ಕುಸಿದು ಕೂತಳು. "ನಾನೇ ಅಲ್ವೇನ್ರೀ? ಬೇರೆ ಯಾರೂ ಅಲ್ಲ. ನನ್ನ ಕೈಯಾರೆ."

"ಏ, ಸುಮ್ನಿರೇ. ಕ್ಯಾಲ್ಸಿಯಂ ತಿಂದು ಸತ್ತೋರ್ನ ಎಲ್ಲಾದ್ರೂ ಕೇಳಿದೀಯಾ?"

"ನೀವೇ ಮೊದಲನೆಯವರಾಗ್ತಿದ್ರಿ!" ಅಂದು ಅಜ್ಜಿ ಸೆರಗಿಗೆ ಮುಖ ಕೊಟ್ಟು ಗಟ್ಟಿಯಾಗಿ ಅತ್ತಳು.

ಮನೆಗೆ ಬಂದು ಸ್ಟೀಲಿನ ಡಬ್ಬಿಯನ್ನು ಸೊಸೆಯ ಕೈಗಿಟ್ಟಳು. "ಇನ್ನು ಇದು ನಿನ್ನ ಜವಾಬ್ದಾರಿ. ಆ ಮಾತ್ರೆಗೆ ನನ್ನ ಕೈ ಸೋಕೋದು ಬೇಡ."

"ಅತ್ತೇ, ಹಾಗಾದ್ರೆ ಮೊಟ್ಟೆ ತಿನ್ನಿಸಿ ತೇಗು ತರಿಸಿದ್ದು ನಾನು. ನಾನು ಎಲ್ಲಿಗೆ ಹೋಗ್ಲಿ?" ಸೊಸೆ ನಗಿಸಲು ನೋಡಿದಳು. ಅಜ್ಜಿ ನಗಲಿಲ್ಲ.

ರಾತ್ರಿಯ ಕೈ ಚಾಚುವ ಪದ್ಧತಿ ನಿಂತಿತು. ಸ್ಪ್ರಿಂಗು ಅಭ್ಯಾಸದಂತೆ ಕೈ ಚಾಚಿ, "ಅಜ್ಜೀ, ನನ್ನ ಮಾತ್ರೆ?" ಅಂದರೆ, "ಇನ್ನು ಮಾತ್ರೆ ಗೀತ್ರೆ ಇಲ್ಲ, ಊಟ ಮಾಡು" ಅನ್ನುವ ಉತ್ತರ. ಅಜ್ಜಿ ಎಲ್ಲರಿಗೂ ಬಡಿಸಿ ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ಬೆಳಿಗ್ಗೆ ಸೊಸೆ ಒಂದು ಮಾತ್ರೆ, ಒಂದು ಲೋಟ ನೀರು ಮೇಜಿನ ಮೇಲಿಟ್ಟು ಕೆಲಸಕ್ಕೆ ಹೊರಡುವ ತಯಾರಿಗೆ ಓಡುತ್ತಿದ್ದಳು. ಮೇಸ್ತ್ರಿ ಒಬ್ಬನೇ ಕೂತು ನುಂಗುತ್ತಿದ್ದ. ತಪ್ಪಿಸಲಿಲ್ಲ. ಆದರೆ ಬೇಜಾರು ಮತ್ತೆ ಬಂದು ಪಕ್ಕದಲ್ಲಿ ಕೂರುತ್ತಿತ್ತು, ಅದು ಮಗನ ಕಣ್ಣಿಗೂ ಬಿತ್ತು.

ಅಪ್ಪನ ಹತ್ತಿರ ಹೋಗಿ ತಪ್ಪಾಯ್ತು ಅನ್ನಲು ಮಗನಿಗೆ ಬಾಯಿ ಬರಲಿಲ್ಲ. ಆ ಮನೆಯ ಗಂಡಸರಿಗೆ ಆ ಮಾತು ಕಷ್ಟ. ಅವನು ತಾನು ಹರಿದ ಕುರ್ಚಿಯನ್ನು ಅಂಗಡಿಗೆ ಹೊತ್ತೊಯ್ದು, ಗಿರಾಕಿಗಳ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು, ಹೊಸ ಸ್ಪಂಜು ಹಾಕಿ, ಒಳ್ಳೆಯ ಹಸಿರು ಬಟ್ಟೆ ಎಳೆದು ಹೊಲಿದು ತಂದ.

"ಅಪ್ಪಾ, ಕೂತು ನೋಡಿ."

ಮೇಸ್ತ್ರಿ ಕೂರಲಿಲ್ಲ. ಮೊದಲು ಹೆಬ್ಬೆರಳಿನಿಂದ ಒತ್ತಿದ. ಕುರ್ಚಿಯ ಕೈಗಳನ್ನು ಸವರಿದ. ಹೊಲಿಗೆ ಹಿಡಿದುಕೊಂಡು ಬೆರಳು ಓಡಿಸುತ್ತಾ ಬಂದು ಒಂದು ಕಡೆ ನಿಂತ. "ಇಲ್ಲಿ ಹೊಲಿಗೆ ಬಿಟ್ಟಿದೀಯಲ್ಲೋ. ಕೈ ಹೋಗುವಷ್ಟು ಸಂದಿ ಇದೆ. ಇದೇನಾ ನಾನು ಕಲಿಸಿದ್ದು?"

"ಬೇಕಂತ್ಲೇ ಬಿಟ್ಟಿದೀನಿ," ಅಂದ ಮಗ, ನೆಲ ನೋಡುತ್ತಾ. "ನಿಮಗೆ ಏನಾದ್ರೂ ಇಟ್ಕೋಬೇಕು ಅನ್ಸಿದ್ರೆ ಇಟ್ಕೊಳ್ಳಿ. ನಾನು ಇನ್ಮೇಲೆ ಹುಡುಕಲ್ಲ."

ಮೇಸ್ತ್ರಿ ಆ ಸಂದಿಯೊಳಗೆ ಬೆರಳು ಹಾಕಿ ನೋಡಿದ. ಆಮೇಲೆ, "ಸೂಜಿ ಕೊಡಿಲ್ಲಿ" ಅಂದ. ಕನ್ನಡಕ ಏರಿಸಿ, ನೆಲದ ಮೇಲೆ ಕೂತು, ಆ ಸಂದಿಯನ್ನು ತಾನೇ ಒತ್ತೊತ್ತಾಗಿ ಹೊಲಿದ. ಮಗ ಪಕ್ಕದಲ್ಲಿ ಕೂತು ಬಟ್ಟೆ ಎಳೆದು ಹಿಡಿದ. ದಾರ ಕತ್ತರಿಸಿ ಮೇಸ್ತ್ರಿ ಕುರ್ಚಿಯಲ್ಲಿ ಕೂತು ಒಂದೆರಡು ಸಲ ಮೇಲೆ ಕೆಳಗೆ ಆಡಿ ನೋಡಿದ.

"ಸ್ಪಂಜು ಗಟ್ಟಿಯಾಯ್ತು," ಅಂದ.

"ಕೂತು ಕೂತು ಸರಿಹೋಗುತ್ತೆ," ಅಂದ ಮಗ. ಇಬ್ಬರಿಗೂ ಎದೆ ಹಗುರಾಗಿತ್ತು. ಆ ಸಂಜೆ ಅಂಗಡಿಯಲ್ಲಿ ಅವರು ಬಟ್ಟೆಯ ಬಣ್ಣದ ವಿಷಯಕ್ಕೆ ಹಳೆಯ ಹಾಗೆ ಗಂಟಲು ಹರಿಯುವಂತೆ ಜಗಳವಾಡಿದರು.

ಮೂರು ತಿಂಗಳ ಮೇಲೆ ರಿಪೋರ್ಟು ಬಂತು. ಕಾಣಿಸುವುದಿಲ್ಲ. ಡಾಕ್ಟ್ರಮ್ಮ ಕೈ ಕುಲುಕಿದಳು. ಮಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಅಪ್ಪನನ್ನು ಒಂದು ಸಲ ಸುಮ್ಮಸುಮ್ಮನೆ ಎತ್ತಿ ಇಳಿಸಿದ. "ಅಬ್ಬಾ, ಭಾರ!" ಅಂದ. ಅಷ್ಟು ಖುಷಿಯ ಮುಖ ಮೇಸ್ತ್ರಿ ಅವನ ಮದುವೆಯಲ್ಲೂ ನೋಡಿರಲಿಲ್ಲ. ಮನೆಯಲ್ಲಿ ಸೊಸೆ ಸಿಹಿ ಮಾಡಿದಳು. ಅಜ್ಜಿ ವಿಷಯ ಕೇಳಿ ಕಣ್ಣೊರೆಸಿಕೊಂಡು, "ದೇವರು ದೊಡ್ಡವನು" ಅಂದು ಪಾತ್ರೆ ತೊಳೆಯಲು ಎದ್ದು ಹೋದಳು. ಅವತ್ತೂ ಅಡುಗೆಮನೆಯಲ್ಲೇ ಉಂಡಳು.

ಮಾರನೆಯ ಬೆಳಿಗ್ಗೆ ಸೊಸೆ ಮಾತ್ರೆ ಇಟ್ಟು ಹೋದಳು. ಮೇಸ್ತ್ರಿ ಅದನ್ನು ಮುಟ್ಟಲಿಲ್ಲ. ಹಸಿರು ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಎಳೆದುಕೊಂಡು ಬಂದು ಕೂತು, ಖಾಲಿ ಅಂಗೈ ಚಾಚಿದ.

ಅಜ್ಜಿ ಒಲೆಯ ಮುಂದಿದ್ದಳು. "ಏನದು? ಮಾತ್ರೆ ಅಲ್ಲಿದೆಯಲ್ಲ."

"ಕಂಡಿದೀನಿ."

"ಮತ್ತೆ ನುಂಗ್ಬಾರ್ದಾ?"

"ಕೊಟ್ರೆ ನುಂಗ್ತೀನಿ."

"ನಿಮಗೆ ಗೊತ್ತಿಲ್ವಾ, ನನ್ನ ಕೈ..."

"ನಿನ್ನ ಕೈಯಿಂದಾನೇ ಇಷ್ಟು ವರ್ಷ ಬದುಕಿದೀನಿ," ಅಂದ ಮೇಸ್ತ್ರಿ. "ನಡುವೆ ಒಂದು ನಾಲ್ಕು ದಿನ ಸ್ವಲ್ಪ ಹೆಚ್ಚಾಗಿ ಬಡಿಸಿದೆ, ಅಷ್ಟೇ. ಬೇಗ ಕೊಡೇ, ಕೈ ನೋಯ್ತಿದೆ."

ಅಜ್ಜಿ ಒಲೆ ಸಣ್ಣ ಮಾಡಿದಳು. ನಲ್ಲಿ ಬಿಟ್ಟು ಸೋಪು ಹಚ್ಚಿ ಕೈ ತೊಳೆದಳು, ಒರೆಸಿಕೊಂಡು ಇನ್ನೊಂದು ಸಲ ತೊಳೆದಳು. ಮೇಜಿನಿಂದ ಮಾತ್ರೆ ತಂದಳು. ಗಂಡನ ಅಂಗೈಯನ್ನು ಎಡಗೈಯಲ್ಲಿ ಹಿಡಿದು, ಬೆರಳು ಬಿಡಿಸಿ, ಅಲ್ಲಿ ಬೇರೇನೂ ಇಲ್ಲವೆಂದು ಬಗ್ಗಿ ನೋಡಿ, ಮಾತ್ರೆಯನ್ನು ನಡುಮಧ್ಯೆ ಇಟ್ಟಳು.

"ಜೊತೆಗೆ?" ಮೇಸ್ತ್ರಿ ಕೇಳಿದ.

ಅಜ್ಜಿ ಎರಡು ಲೋಟಕ್ಕೆ ನೀರು ತುಂಬಿದಳು. ಒಂದನ್ನು ಅವನಿಗೆ ಕೊಟ್ಟು, ಇನ್ನೊಂದನ್ನು ತಾನು ಎತ್ತಿಕೊಂಡಳು.

"ಜೊತೆಗೆ ನಾನಿದೀನಲ್ಲ, ಸಾಕು," ಅಂದಳು. "ಹೂಂ, ನುಂಗಿ."